ವೈದ್ಯಕೀಯ ಗುರುತಿನಲ್ಲಿ ಹಾವು ಒಂದೋ, ಎರಡೋ?

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ಕ್ಲಾಸಿಗೆ ಪೋಸ್ಟರ್ ಬರೆಯಬೇಕು. ಕೆಲವು ಚಿತ್ರಗಳಲ್ಲಿ ಕೋಲಿಗೆ ಒಂದೇ ಹಾವು, ಕೆಲವದರಲ್ಲಿ ಎರಡು ಹಾವು, ಮೇಲೆ ರೆಕ್ಕೆ. ಯಾವುದು ಸರಿ? ಅಷ್ಟಕ್ಕೂ ಹಾವೇ ಯಾಕೆ?

ಉತ್ತರ 1: ಒಂದು ಹಾವಿನದೇ ಸರಿ. ಅದು ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕೋಲು. ಗ್ರೀಸಿನ ಎಪಿಡಾರಸ್ ಊರಲ್ಲಿದ್ದ ಅವನ ಗುಡಿಯಲ್ಲಿ ರೋಗಿಗಳು ರಾತ್ರಿ ಮಲಗುತ್ತಿದ್ದರು. ಕನಸಲ್ಲಿ ದೇವರು ಬಂದು ವಾಸಿಮಾಡುತ್ತಾನೆ ಎಂಬ ನಂಬಿಕೆ. ಗುಡಿಯಲ್ಲಿ ವಿಷವಿಲ್ಲದ ಹಾವುಗಳನ್ನೂ ಸಾಕುತ್ತಿದ್ದರು. ಹಾವು ಪೊರೆ ಬಿಟ್ಟು ಹೊಸದಾಗುತ್ತದೆ ಅಲ್ವಾ? ಅದಕ್ಕೇ ಈ ಗುರುತು ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೂ ಅದೇ ಒಪ್ಪಿಗೆ.

ಉತ್ತರ 2: ಎರಡು ಹಾವಿನದು ಹರ್ಮಿಸ್‌ನ ಕೋಲು. ಅವನು ದೇವದೂತ, ವ್ಯಾಪಾರಿಗಳ ದೇವರು. 1902ರಲ್ಲಿ ಅಮೆರಿಕ ಸೇನೆಯ ವೈದ್ಯಕೀಯ ವಿಭಾಗ ಅದನ್ನು ಬ್ಯಾಡ್ಜಿಗೆ ತೆಗೆದುಕೊಂಡಿತು. ಆಮೇಲೆ ಗೊಂದಲ ಇನ್ನೂ ಹರಡಿತು. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನ ನೋಡಿ, ಒಂದೇ ಹಾವು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಹಾಗಾದರೆ ರೆಕ್ಕೆ ಬೇಡ.