ಅನಸ್ತೇಷಿಯಾ ಕೇಸಿನಲ್ಲಿ ಪರಿಣತರ ಅಭಿಪ್ರಾಯ: ಇಟಿಸಿಒ2 ಕಾಲಂ ಖಾಲಿ ಇದ್ದರೆ ಏನು ಬರೆಯಬೇಕು?

ಅರಿವಳಿಕೆ_ಉಕ:
ಜಿಲ್ಲಾ ಗ್ರಾಹಕ ಆಯೋಗದಲ್ಲಿರುವ ಒಂದು ಕೇಸಿಗೆ ದೂರುದಾರರ ವಕೀಲರು ಪರಿಣತರ ಅಭಿಪ್ರಾಯ ಕೇಳಿದ್ದಾರೆ. ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವ ಆಪರೇಷನ್. ಚಾರ್ಟಿನ ಪ್ರಕಾರ 10:05ಕ್ಕೆ ಇಂಡಕ್ಷನ್ (ಅರಿವಳಿಕೆ ಕೊಡಲು ಶುರು), 10:20ಕ್ಕೆ ಪಲ್ಸ್ 40, 10:22ಕ್ಕೆ ಸಿಪಿಆರ್ ಶುರು. ಜೀವ ಉಳಿದಿದೆ, ಆದರೆ ಆಮ್ಲಜನಕ ಸಾಲದೆ ಮಿದುಳಿಗೆ ಹಾನಿಯಾಗಿದೆ. ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) 10:20ರವರೆಗೂ 99 ಎಂದೇ ಬರೆದಿದ್ದಾರೆ, ಇಟಿಸಿಒ2 (ಹೊರಬಿಡುವ ಉಸಿರಿನ ಕೊನೆಯಲ್ಲಿರುವ ಇಂಗಾಲದ ಡೈಆಕ್ಸೈಡ್) ಕಾಲಂ ಖಾಲಿ. ನರ್ಸಿಂಗ್ ನೋಟ್ಸ್‌ನಲ್ಲಿ ಮಾತ್ರ 10:12ಕ್ಕೆ ‘ಸ್ಯಾಚುರೇಶನ್ ಕಡಿಮೆ, ಸರ್‌ಗೆ ತಿಳಿಸಲಾಗಿದೆ’ ಎಂದಿದೆ. ಉಸಿರಾಟದ ಟ್ಯೂಬ್ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋಗಿತ್ತು ಎಂದು ಬರೆದುಕೊಡಿ ಅಂತ ವಕೀಲರ ಕೋರಿಕೆ. ಇಷ್ಟು ದಾಖಲೆಯಿಂದ ಹಾಗೆ ಹೇಳಬಹುದೇ?

ಓಟಿ_ಧಾರವಾಡ:
ಈಗಲೇ ಹಾಗೆ ಬರೆದರೆ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ ಸರ್. ಮೊದಲು ಒಂದು ಸಮಯ ಹುಡುಕಿ: ಹೊಟ್ಟೆಗೆ ಗ್ಯಾಸ್ ತುಂಬಲು ಶುರು ಮಾಡಿದ್ದು ಯಾವಾಗ? ಆಪರೇಷನ್ ನೋಟ್ಸ್‌ನಲ್ಲಿ ಅಥವಾ ಓಟಿ ರಿಜಿಸ್ಟರ್‌ನಲ್ಲಿ ಸಿಗಬಹುದು. 10:12 ಅದಕ್ಕಿಂತ ಮುಂಚಿನದಾದರೆ ಟ್ಯೂಬಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಗ್ಯಾಸ್ ತುಂಬಿದ ಬೆನ್ನಿಗೇ ಪಲ್ಸ್ ಇಳಿದಿದ್ದರೆ ವೇಗಸ್ ಪ್ರತಿಕ್ರಿಯೆ (ವೇಗಸ್ ನರದಿಂದ ಪಲ್ಸ್ ಇಳಿಯುವುದು), ಗ್ಯಾಸ್ ಎಂಬಾಲಿಸಂ (ಗ್ಯಾಸ್ ರಕ್ತನಾಳಕ್ಕೆ ಸೇರುವುದು), ಟ್ಯೂಬ್ ಬಲಗಡೆಯ ಶ್ವಾಸನಾಳಕ್ಕೆ ಇಳಿದಿರುವುದು, ಈ ಮೂರನ್ನೂ ಪರಿಶೀಲಿಸಿ ಕಾರಣ ಕೊಟ್ಟು ಬದಿಗಿಡಬೇಕು. ಆ್ಯಂಟಿಬಯಾಟಿಕ್‌ಗೋ ರಿಲ್ಯಾಕ್ಸಂಟ್‌ಗೋ (ಸ್ನಾಯು ಸಡಿಲಿಸುವ ಔಷಧ) ಅನಾಫಿಲಾಕ್ಸಿಸ್ (ತೀವ್ರ ಅಲರ್ಜಿ) ಆಗಿತ್ತೇ ಎಂಬುದನ್ನೂ ಬಿಡುವಂತಿಲ್ಲ.

ರೋಗಿಯ ತೂಕವನ್ನು ವರದಿಯಲ್ಲಿ ಬರೆಯಲೇಬೇಕು. 3 ನಿಮಿಷ 100% ಆಮ್ಲಜನಕ ಕೊಟ್ಟಿದ್ದರೆ, ಆರೋಗ್ಯವಂತ ವಯಸ್ಕರಲ್ಲಿ ಉಸಿರು ನಿಂತ ಮೇಲೂ ಆರೇಳು ನಿಮಿಷ ಸ್ಯಾಚುರೇಶನ್ 90ರ ಮೇಲಿರಬಹುದು. ತೀರಾ ದಪ್ಪ ಇರುವವರಲ್ಲಿ ಮೂರು ನಿಮಿಷದೊಳಗೇ ಕುಸಿಯಬಹುದು. ಹಾಗಾಗಿ 10:05ರಿಂದ 10:12ರ ಅಂತರ ಅನ್ನನಾಳದ ಟ್ಯೂಬಿಗೆ ಹೊಂದುತ್ತದೆ. ಹೊಂದಿದ ಮಾತ್ರಕ್ಕೆ ಸಾಬೀತಾದಂತಲ್ಲ.

ಚಾರ್ಟಿನಲ್ಲಿ ‘ಎರಡೂ ಕಡೆ ಗಾಳಿ ಸಮ’ ಎಂದಿದ್ದರೆ ಅದಕ್ಕೆ ಹೆಚ್ಚು ತೂಕ ಕೊಡಬೇಡಿ. ಹೊಟ್ಟೆಗೆ ಹೋದ ಗಾಳಿಯ ಸದ್ದೂ ಎದೆಯಲ್ಲಿ ಕೇಳಿಸುತ್ತದೆ. ಕ್ಯಾಪ್ನೋಗ್ರಾಫ್ (ಇಟಿಸಿಒ2 ಅಳೆದು ಅಲೆಯಾಗಿ ತೋರಿಸುವ ಯಂತ್ರ) ಹಾಕಿದ್ದರೂ ಮೊದಲ ಎರಡು ಮೂರು ಉಸಿರಿಗೆ ಅಲೆ ಬಂದರೆ ಸಾಲದು. ಮಾಸ್ಕಿನಲ್ಲಿ ಹೊಟ್ಟೆಗೆ ಸೇರಿದ ಗಾಳಿಯಿಂದಲೂ ಅಲೆ ಬಂದು ಕ್ರಮೇಣ ಸಾಯುತ್ತದೆ. ಕಡೇಪಕ್ಷ ಆರು ಉಸಿರು ನಿಲ್ಲಬೇಕು. ಆಮೇಲೆ ಟ್ಯೂಬ್ ಬದಲಿಸಿದರೇ, ಬದಲಿಸಿದ ಮೇಲೆ ಸ್ಯಾಚುರೇಶನ್ ಏರಿತೇ, ಸಾಗಿಸಿದ ಆಸ್ಪತ್ರೆಯವರು ಹೊಟ್ಟೆ ಉಬ್ಬರ ಗಮನಿಸಿದ್ದಾರೆಯೇ, ಮೊದಲ ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಎಷ್ಟು ಗಂಟೆಯದು ಎಂಬುದನ್ನೆಲ್ಲ ನೋಡಿ. ಮಾನಿಟರ್ ಟ್ರೆಂಡ್ (ಯಂತ್ರ ತಾನೇ ಉಳಿಸಿಕೊಂಡ ಅಳತೆಗಳ ದಾಖಲೆ) ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ, ಆದರೆ ಬಹಳಷ್ಟು ಯಂತ್ರಗಳಲ್ಲಿ ಅದು ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ.

ವಕೀಲ_ಹುಬ್ಬಳ್ಳಿ:
ಡಾಕ್ಟ್ರೇ, ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ರೋಗಿ ಅಥವಾ ಅವರ ಕಡೆಯ ಅಧಿಕೃತರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ ಹಾಜರುಪಡಿಸಲು ನಿರ್ದೇಶಿಸಿ ಎಂದು ವಕೀಲರು ಆಯೋಗಕ್ಕೆ ಅರ್ಜಿ ಹಾಕಲಿ. ಅಲ್ಲಿವರೆಗೆ ನಿಮ್ಮ ವರದಿಗೆ ಅವಸರ ಬೇಡ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ವಿಚಾರಣೆ ಸಾಮಾನ್ಯವಾಗಿ ಅಫಿಡವಿಟ್ ಮತ್ತು ದಾಖಲೆಗಳ ಮೇಲೆಯೇ ನಡೆಯುತ್ತದೆ. ಅಂದರೆ ನೀವು ಬರೆದ ಒಂದೊಂದು ವಾಕ್ಯವೂ ಸಾಕ್ಷ್ಯ. ‘ಘೋರ ನಿರ್ಲಕ್ಷ್ಯ’ ಎಂಬ ಪದ ಬಳಸಬೇಡಿ. ಅದು ಕ್ರಿಮಿನಲ್ ಕೇಸಿನ ಅಳತೆ, ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ (2005) ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿ ಹೇಳಿದೆ. ಅದೇ ತೀರ್ಪಿನಂತೆ ವೈದ್ಯರ ಕೆಲಸವನ್ನು ಘಟನೆ ನಡೆದ ಕಾಲದ ತಿಳಿವಳಿಕೆಯಿಂದ ಅಳೆಯಬೇಕು. ಆದ್ದರಿಂದ ಇವತ್ತಿನ ಮಾರ್ಗಸೂಚಿ ಬೇಡ, ಆ ದಿನಾಂಕಕ್ಕೆ ಇದ್ದುದನ್ನೇ ಲಗತ್ತಿಸಿ.

ಅರಿವಳಿಕೆ_ಉಕ:
ಧನ್ಯವಾದ. ಸಣ್ಣ ನರ್ಸಿಂಗ್ ಹೋಮ್, ಕ್ಯಾಪ್ನೋಗ್ರಾಫ್ ಇರಲೇ ಇಲ್ಲ ಎಂದು ಎದುರುದಾರರ ಉತ್ತರ. ಅದನ್ನು ಹೇಗೆ ನೋಡಬೇಕು?

ಡಾ_ಶರಾವತಿ:
ಎರಡು ಪ್ರಶ್ನೆಗಳಾಗಿ ಬಿಡಿಸಿ. ಇರಬೇಕಿತ್ತೇ ಎಂಬುದು ಒಂದು, ಇಲ್ಲದ್ದರಿಂದಲೇ ಈ ಹಾನಿಯಾಯಿತೇ ಎಂಬುದು ಇನ್ನೊಂದು. ಇದು ಮೊದಲೇ ದಿನ ಗೊತ್ತುಮಾಡಿ ಮಾಡುವ ಆಪರೇಷನ್. ಸೌಲಭ್ಯವಿರುವ ಕಡೆ ಕಳಿಸಲು ಸಮಯವಿತ್ತು. ರಾತ್ರಿ ಹೊತ್ತು ರಕ್ತಸ್ರಾವವಾಗುತ್ತಿದ್ದವರಿಗೆ ಮಾಡಿದ್ದರೆ ಮಾತೇ ಬೇರೆ.

ಆದರೆ ನನ್ನ ಪ್ರಕಾರ ನೀವು ತಪ್ಪು ಜಾಗದಲ್ಲಿ ಅಗೆಯುತ್ತಿದ್ದೀರಿ. ಟ್ಯೂಬ್ ಎಲ್ಲಿತ್ತು ಎಂದು ಈಗ ಯಾರೂ ಖಚಿತವಾಗಿ ಹೇಳಲಾರರು. 10:12ಕ್ಕೆ ನರ್ಸ್ ತಿಳಿಸಿದ್ದು ನಿಜವಾದರೆ, 10:22ರವರೆಗಿನ ಹತ್ತು ನಿಮಿಷದಲ್ಲಿ ಏನು ಮಾಡಿದರು? 100% ಆಮ್ಲಜನಕಕ್ಕೆ ಬದಲಿಸಿ, ಬ್ಯಾಗಿನಲ್ಲಿ ಕೈಯಿಂದ ಒತ್ತಿ ನೋಡಿ, ಲ್ಯಾರಿಂಗೋಸ್ಕೋಪಿನಲ್ಲಿ (ಗಂಟಲೊಳಗೆ ನೋಡುವ ಉಪಕರಣ) ಟ್ಯೂಬ್ ಖಾತ್ರಿ ಮಾಡಿಕೊಂಡು, ಅನುಮಾನವಿದ್ದರೆ ಕಿತ್ತು ಮಾಸ್ಕ್ ಹಾಕಬೇಕು. ಗ್ಯಾಸ್ ತುಂಬಿದ್ದರೆ ಸರ್ಜನ್‌ಗೆ ಹೇಳಿ ಬಿಡಿಸಬೇಕು. ಟ್ಯೂಬ್ ಎಲ್ಲೇ ಇರಲಿ, ಕಾರಣ ಯಾವುದೇ ಇರಲಿ, ಇಷ್ಟನ್ನು ಮಾಡಲೇಬೇಕಿತ್ತು. ಒಂದೂ ಬರೆದಿಲ್ಲದಿದ್ದರೆ ‘ದಾಖಲೆಯಲ್ಲಿ ಕಾಣುವುದಿಲ್ಲ’ ಎಂದಷ್ಟೇ ಬರೆಯಿರಿ, ‘ಮಾಡಲಿಲ್ಲ’ ಎನ್ನಬೇಡಿ.

ಅದಕ್ಕೂ ಮುಂಚೆ ಗಡಿಯಾರ ಹೊಂದಿಸಿ. ನರ್ಸ್ ನೋಡಿದ್ದು ಗೋಡೆಯ ಗಡಿಯಾರ, ಚಾರ್ಟ್ ಬರೆದದ್ದು ಬಹುಶಃ ಮಾನಿಟರ್ ಸಮಯ ನೋಡಿ. ಎರಡರಲ್ಲೂ ಇರುವ ಒಂದು ಘಟನೆ, ಮೊದಲ ಅಡ್ರಿನಲಿನ್ ಡೋಸ್ ಇದ್ದರೆ ಅದನ್ನೇ ಹಿಡಿದು ತಾಳೆ ನೋಡಿ. ಐದು ನಿಮಿಷದ ವ್ಯತ್ಯಾಸ ಬಂದರೂ ನಿಮ್ಮ ಅಭಿಪ್ರಾಯ ಬದಲಾಗಬೇಕಾಗುತ್ತದೆ, ಅದನ್ನು ನೀವೇ ವರದಿಯಲ್ಲಿ ಹೇಳಿಬಿಡಿ. ಎದುರು ವಕೀಲರಿಂದ ಹೊರಗೆ ಬರುವುದಕ್ಕಿಂತ ಅದು ಮೇಲು. ಸರ್ಜನ್‌ನ ಕೆಲಸದ ಬಗ್ಗೆ ಒಂದು ಸಾಲೂ ಬೇಡ, ನಿಮ್ಮ ವಿಷಯ ಅದಲ್ಲ. ಫೀಸನ್ನು ಓದಿ ಬರೆದ ಗಂಟೆಗಳ ಲೆಕ್ಕದಲ್ಲಿ ಮೊದಲೇ ತೆಗೆದುಕೊಳ್ಳಿ. ಪರಿಹಾರದ ಮೊತ್ತದಲ್ಲಿ ಪಾಲು ಎಂದರೆ ಕಡತ ವಾಪಸ್ ಕಳಿಸಿ.