ಕಾರ್ಡ್ ಸಾಲ ತಲೆ ಮೇಲಿರುವಾಗ ವಿಪಿಎಫ್ ಕಟ್ಟುತ್ತಾ ಹೋಗಬೇಕಾ, ನಿಲ್ಲಿಸಬೇಕಾ?

ತುಂಬೆಹೂ:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ಲೆಕ್ಕ ತಲೆಯಲ್ಲಿ ಕೂತಿದೆ, ಗೊತ್ತಿರುವವರು ದಯವಿಟ್ಟು ದಾರಿ ಹೇಳಿ.

ನನಗೆ 34 ವರ್ಷ. ಭತ್ಯೆ ಬಿಟ್ಟು ಬೇಸಿಕ್ ಸಂಬಳ 30,000. ಪಿಎಫ್‌ಗೆ 12 ಪರ್ಸೆಂಟ್, ಅಂದರೆ 3,600 ಹೋಗುತ್ತದೆ. ಅದರ ಮೇಲೆ ನಾನೇ ಕೇಳಿ ಹಾಕಿಸಿಕೊಂಡ ವಿಪಿಎಫ್ (ಸ್ವಂತ ಇಷ್ಟದಿಂದ ಪಿಎಫ್‌ಗೆ ಹೆಚ್ಚುವರಿಯಾಗಿ ಕಟ್ಟುವುದು) 5,000. ಎಲ್ಲ ಕಳೆದು ಕೈಗೆ ಬರುವುದು 46,000. ಮನೆ ಸಾಲದ ಕಂತು ಯಜಮಾನರ ಸಂಬಳದಿಂದ ಹೋಗುತ್ತದೆ. ದಿನಸಿ, ಮಗಳ ಸ್ಕೂಲ್ ಫೀಸು, ಕರೆಂಟು, ಅತ್ತೆಯವರ ಮಾತ್ರೆ ಎಲ್ಲ ನನ್ನ ಪಾಲು.

ಹೋದ ವರ್ಷ ಅತ್ತೆಯವರಿಗೆ ಆಪರೇಶನ್ ಆಯಿತು. ಇನ್ಶೂರೆನ್ಸ್‌ನಿಂದ ಬಂದದ್ದು ಸಾಲಲಿಲ್ಲ, ಉಳಿದದ್ದಕ್ಕೆ ನನ್ನ ಕ್ರೆಡಿಟ್ ಕಾರ್ಡ್ ಉಜ್ಜಿದೆವು. ಈಗ ಅದರಲ್ಲಿ 1,40,000 ಬಾಕಿ ಇದೆ. ಪ್ರತಿ ತಿಂಗಳೂ ಮಿನಿಮಮ್ ಡ್ಯೂ (ಕಟ್ಟಲೇಬೇಕಾದ ಕನಿಷ್ಠ ಮೊತ್ತ) 7,000 ತಪ್ಪದೆ ಕಟ್ಟುತ್ತಿದ್ದೇನೆ. ಆದರೂ ಬಾಕಿ ಕರಗುತ್ತಲೇ ಇಲ್ಲ. ತಿಂಗಳ ಕೊನೆಗೆ ಕೈ ಖಾಲಿಯಾಗಿ ದಿನಸಿಗೂ ಅದೇ ಕಾರ್ಡ್ ತೆಗೆಯುತ್ತೇನೆ, ಅದನ್ನೂ ಹೇಳಿಬಿಡಬೇಕು.

ಹಳೇ ಕಂಪನಿಯ ಪಿಎಫ್ 2,10,000 ಹಾಗೇ ಬಿದ್ದಿದೆ. ಅದನ್ನು ತೆಗೆದು ಒಂದೇ ಏಟಿಗೆ ಕಾರ್ಡ್ ತೀರಿಸೋಣ ಅಂತ ನನ್ನ ಆಸೆ. ಪಿಎಫ್ ಮಾತ್ರ ಮುಟ್ಟಬೇಡ ಅಂತ ಇವರು. ವಿಪಿಎಫ್ ನಿಲ್ಲಿಸುವುದಕ್ಕೂ ಮನಸ್ಸು ಬರುತ್ತಿಲ್ಲ. 2024-25ಕ್ಕೆ 8.25 ಪರ್ಸೆಂಟ್ ಬಡ್ಡಿ ಕೊಟ್ಟಿದ್ದಾರೆ, ಅಷ್ಟು ಭದ್ರವಾಗಿ ಬೇರೆಲ್ಲಿ ಸಿಗುತ್ತದೆ ಅಲ್ವಾ?

ಹಳೇಲೆಕ್ಕ:

ಮೇಡಂ, ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದು ಬಡ್ಡಿ ದರ ನೋಡಿ. ತಿಂಗಳಿಗೆ 3.5 ಪರ್ಸೆಂಟ್ ಆಸುಪಾಸು ಇರುತ್ತದೆ. ತಿಂಗಳಿಗೆ ಅಂತ ಬರೆದಿರುವುದರಿಂದ ಚಿಕ್ಕದಾಗಿ ಕಾಣುತ್ತದೆ, ವರ್ಷಕ್ಕೆ ಅದು 42.

1,40,000ಕ್ಕೆ ಒಂದು ತಿಂಗಳ ಬಡ್ಡಿ 4,900. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು 882. ಒಟ್ಟು 5,782. ನೀವು ಕಟ್ಟುವ 7,000ದಲ್ಲಿ ಅಸಲಿಗೆ ಸೇರುವುದು 1,218 ರೂಪಾಯಿ ಮಾತ್ರ. ಅಷ್ಟರಲ್ಲಿ ನೀವು ಎರಡು ಸಾವಿರದ ದಿನಸಿ ಅದೇ ಕಾರ್ಡಿನಲ್ಲಿ ತಂದರೆ ಬಾಕಿ ಕರಗುವುದು ಹೇಗೆ? ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಹಳೇ ಬಾಕಿ ಉಳಿಸಿಕೊಂಡರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಇವತ್ತು ತಂದ ಅಕ್ಕಿಗೆ ಇವತ್ತಿನಿಂದಲೇ ಬಡ್ಡಿ.

ಈಗ ವಿಪಿಎಫ್ ನೋಡಿ. ಈ ತಿಂಗಳು ಹಾಕಿದ 5,000ಕ್ಕೆ ಇಡೀ ವರ್ಷಕ್ಕೆ ಸಿಗುವ ಬಡ್ಡಿ ಸುಮಾರು 412. ಅದೇ 5,000 ಕಾರ್ಡಿಗೆ ಹೋಗಿದ್ದರೆ ವರ್ಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಉಳಿಯುತ್ತಿತ್ತು. ಎಂಟು ಪರ್ಸೆಂಟ್ ದುಡಿಯಲು ನಲವತ್ತೆರಡು ಕೊಡುತ್ತಿದ್ದೀರಿ. ನಿಲ್ಲಿಸಿ. ವಿಪಿಎಫ್ ನಿಲ್ಲಿಸಿದರೆ ಕಂಪನಿಯ ಪಾಲು ಒಂದು ಪೈಸೆಯೂ ಕಡಿಮೆ ಆಗುವುದಿಲ್ಲ, ಯಾಕೆಂದರೆ ಅವರು ಕೊಡುವುದು ನಿಮ್ಮ ಕಡ್ಡಾಯದ 12 ಪರ್ಸೆಂಟಿಗೆ ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ವಿಪಿಎಫ್‌ಗೆ ತೆರಿಗೆ ವಿನಾಯಿತಿಯ ಲಾಭವೂ ಇಲ್ಲ.

ನಿಧಾನಿ:

ನಾನು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಲೆಕ್ಕ ಸರಿ ಇದೆ. ಆದರೆ ಸಂಬಳದಲ್ಲೇ ಕಟ್ ಆಗುವ ದುಡ್ಡು ಮಾತ್ರ ಉಳಿಯುತ್ತದೆ, ಕೈಗೆ ಬಂದದ್ದು ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ನಾನು 2019ರಲ್ಲಿ ಸಾಲ ತೀರಿಸಬೇಕು ಅಂತ ವಿಪಿಎಫ್ ನಿಲ್ಲಿಸಿದೆ. ಮೊದಲ ಎರಡು ತಿಂಗಳು ಸಾಲಕ್ಕೆ ಕಟ್ಟಿದೆ. ಮೂರನೇ ತಿಂಗಳು ಗಾಡಿ ಸರ್ವೀಸು, ಆಮೇಲೆ ಹಬ್ಬ, ಆಮೇಲೆ ನೆಂಟರ ಮದುವೆ. ಸಾಲವೂ ಉಳಿಯಿತು, ವಿಪಿಎಫ್ ಮತ್ತೆ ಶುರು ಮಾಡುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಮೇಡಂ, ನಿಮಗೆ ಆ ಶಿಸ್ತು ಇದೆಯಾ ಅಂತ ಮೊದಲು ಕೇಳಿಕೊಳ್ಳಿ.

ಹಳೇಲೆಕ್ಕ:

@ನಿಧಾನಿ, ಈ ಮಾತು ನಿಜ, ನಾನು ಹೇಳಲು ಮರೆತೆ. ಅದಕ್ಕೆ ಸಂಬಳ ಬಂದ ಮರುದಿನವೇ ಈಗಿನ 7,000, ವಿಪಿಎಫ್‌ನ 5,000 ಸೇರಿ 12,000 ತಾನಾಗಿ ಕಾರ್ಡಿಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಸೂಚನೆ ಕೊಟ್ಟುಬಿಡಬೇಕು. ಕಾರ್ಡ್ ಮುಟ್ಟದೆ ತಿಂಗಳಿಗೆ 7,000 ಕಟ್ಟಿದರೆ 44 ತಿಂಗಳು ಬೇಕು. 12,000 ಕಟ್ಟಿದರೆ 17 ತಿಂಗಳಿಗೆ ಮುಗಿಯುತ್ತದೆ. 15 ಪರ್ಸೆಂಟಿಗೆ ಪರ್ಸನಲ್ ಲೋನ್ ಸಿಕ್ಕಿ, ಅದರಿಂದ ಕಾರ್ಡ್ ತೀರಿಸಿ, ಅದೇ 12,000 ಕಟ್ಟಿದರೆ 13 ತಿಂಗಳು. ಪ್ರೊಸೆಸಿಂಗ್ ಫೀ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಸಂಪಿಗೆ:

ತುಂಬೆಹೂ ಅಕ್ಕ, ವಿಪಿಎಫ್ ಬಗ್ಗೆ ಅವರು ಹೇಳಿದ್ದು ಸರಿ. ನಾನು ಹಳೇ ಪಿಎಫ್ ಬಗ್ಗೆ ಹೇಳುತ್ತೇನೆ. ದಯವಿಟ್ಟು ಅದನ್ನು ಮುಟ್ಟಬೇಡಿ.

ನಮ್ಮಪ್ಪ 26 ವರ್ಷ ದುಡಿದರು, ಮೂರು ಕಡೆ. ಮೊದಲ ಕೆಲಸ ಬಿಟ್ಟಾಗ ಪಿಎಫ್ ತೆಗೆದು ತಮ್ಮ ತಂಗಿಯ ಮದುವೆ ಸಾಲ ತೀರಿಸಿದರು. ಎರಡನೆಯದು ಬಿಟ್ಟಾಗ ನನ್ನ ಕಾಲೇಜು ಫೀಸು. ಎರಡೂ ಸಲ ಪಿಎಫ್ ಜೊತೆ ಪೆನ್ಶನ್ ಪಾಲನ್ನೂ 10ಸಿ ಫಾರಂ ಕೊಟ್ಟು ತೆಗೆದುಬಿಟ್ಟಿದ್ದರು. ಕೊನೆಯ ಕಡೆ 7 ವರ್ಷ. 58 ಆದಾಗ ಪಾಸ್‌ಬುಕ್ ಪ್ರಿಂಟ್ ತೆಗೆಸಿ ಊಟದ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಪೆನ್ಶನ್ ಬರಬೇಕಾದರೆ ಕಡಿಮೆ ಅಂದರೆ 10 ವರ್ಷ ಸರ್ವೀಸ್ ಬೇಕು. ಅವರ ಲೆಕ್ಕದಲ್ಲಿ ಉಳಿದಿದ್ದು ಆ ಏಳೇ ವರ್ಷ. ಆ ಹೊತ್ತು ಅಮ್ಮ ಒಳಗಿಂದ ಕಾಫಿ ತಂದಿಟ್ಟರು, ಅಪ್ಪ ಮುಟ್ಟಲಿಲ್ಲ.

ಪೆನ್ಶನ್ ಲೆಕ್ಕ ಕಷ್ಟ ಏನಿಲ್ಲ. ಸಂಬಳವನ್ನು ಸರ್ವೀಸ್ ವರ್ಷದಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ನಮ್ಮಂಥ ಹೆಚ್ಚಿನವರಿಗೆ ಈ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000. ಅಂದರೆ 14 ವರ್ಷಕ್ಕೆ ತಿಂಗಳಿಗೆ 3,000. ದೊಡ್ಡದಲ್ಲ, ನನಗೂ ಗೊತ್ತು. ಆದರೆ ಅಪ್ಪನಿಗೆ ಅವತ್ತು ಅದು ಮಾತ್ರೆ ದುಡ್ಡು ಆಗುತ್ತಿತ್ತು, ನನ್ನ ಹತ್ತಿರ ಕೇಳುವ ಸಂಕೋಚ ತಪ್ಪುತ್ತಿತ್ತು.

ನೀವು ಈಗ ಕೆಲಸದಲ್ಲೇ ಇದ್ದೀರಿ, ಹಾಗಾಗಿ ಹಳೇದನ್ನು ಹೊಸ ಖಾತೆಗೆ ಟ್ರಾನ್ಸ್‌ಫರ್ ಮಾಡಿಸುವುದೇ ದಾರಿ. ಯುಎಎನ್ (ಪಿಎಫ್ ಸದಸ್ಯರ ನಂಬರ್) ಒಂದೇ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ. ಹಳೇ ಸರ್ವೀಸೂ ಸೇರುತ್ತದೆ. ಒಟ್ಟು 5 ವರ್ಷ ತುಂಬುವ ಮೊದಲೇ ಪಿಎಫ್ ತೆಗೆದರೆ ಸಾಮಾನ್ಯವಾಗಿ ತೆರಿಗೆಯೂ ಬೀಳುತ್ತದೆ, ಅದನ್ನೂ ನೋಡಿಕೊಳ್ಳಿ.

ನಿಧಾನಿ:

ಸಂಪಿಗೆ ಅವರೇ, ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯಿತು. ಅವರು ತೆಗೆದದ್ದು ಸುಮ್ನೆ ಖರ್ಚಿಗಲ್ಲ. ತಂಗಿಗೆ, ಮಗಳಿಗೆ ಕೊಟ್ಟದ್ದು.

ತುಂಬೆಹೂ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಇದನ್ನೆಲ್ಲ ಇವರಿಗೂ ಓದಿ ಹೇಳಿದೆ. 1,218 ಅಂತ ಕೇಳಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇವತ್ತು ಪೇರೋಲ್‌ನವರನ್ನು ಕೇಳಿದೆ. ನಮ್ಮಲ್ಲಿ ವಿಪಿಎಫ್ ಬದಲಾಯಿಸುವ ಅವಕಾಶ ವರ್ಷಕ್ಕೆ ಎರಡೇ ಸಲ, ಮುಂದಿನದು ಎರಡು ತಿಂಗಳ ನಂತರ. ಅಲ್ಲಿಯವರೆಗೆ ಯಜಮಾನರು ತಮ್ಮ ಕಡೆಯಿಂದ ತಿಂಗಳಿಗೆ ಮೂರು ಸಾವಿರ ಸೇರಿಸುತ್ತೇನೆ ಅಂದರು. ಹಳೇ ಪಿಎಫ್ ಟ್ರಾನ್ಸ್‌ಫರ್‌ಗೆ ಹಾಕಿದ್ದೇನೆ. ಪರ್ಸನಲ್ ಲೋನ್‌ಗೆ ಎರಡು ಬ್ಯಾಂಕಿನಲ್ಲಿ ಕೇಳಬೇಕು. ಒಂದು ಸಂಶಯ ಮಾತ್ರ ಉಳಿದಿದೆ. ಎಲ್ಲವನ್ನೂ ಸಾಲಕ್ಕೇ ಕಟ್ಟಿದರೆ ನಡುವೆ ಯಾರಿಗಾದರೂ ಜ್ವರ ಬಂದರೆ ಮತ್ತೆ ಕಾರ್ಡೇ ಗತಿ ಅಲ್ವಾ?

ಹಳೇಲೆಕ್ಕ:

ಹೌದು. ಅದಕ್ಕೆ ಮೊದಲ ಒಂದೆರಡು ತಿಂಗಳು ಸಾಲಕ್ಕೆ ಸ್ವಲ್ಪ ಕಡಿಮೆ ಕಟ್ಟಿದರೂ ಪರವಾಗಿಲ್ಲ, ಹತ್ತು ಹದಿನೈದು ಸಾವಿರ ಬೇರೆ ಖಾತೆಯಲ್ಲಿ ಇಟ್ಟುಬಿಡಿ, ಆ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿಡಿ, ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿರುವ ಕಾರ್ಡ್ ನಂಬರನ್ನೂ ಅಳಿಸಿ. ದಿನಸಿ ಇನ್ನು ಮೇಲೆ ಡೆಬಿಟ್ ಕಾರ್ಡ್ ಅಥವಾ ಕ್ಯಾಶ್. ಲೋನ್ ದರ ಎಷ್ಟು ಹೇಳಿದರು ಅಂತ ಇಲ್ಲೇ ಹಾಕಿ, ಕೂತು ಲೆಕ್ಕ ಮಾಡೋಣ.