ಚರ್ಚ್ ಮುಂದೆ ಸಹಿ ಸಂಗ್ರಹದ ಮೇಜು: ಎಫ್-1 ವೀಸಾದವರು ಕೂರಬಹುದಾ?

ಪ್ರಶ್ನೆ (ಎಂಎಸ್_ಹುಡುಗ):
ಎಫ್-1, ಅಂದ್ರೆ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದಲ್ಲಿ ಓದ್ತಿದ್ದೀನಿ. ಕ್ಯಾಂಪಸ್ಸಿನ ಸರ್ವಧರ್ಮ ಯುವ ಗುಂಪು, ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಲು ಸಹಿ ಸಂಗ್ರಹಕ್ಕೆ ಇಳಿದಿದೆ. ಭಾನುವಾರ ಚರ್ಚ್ ಮುಂದೆ ಮೇಜು. ನಾನು ಕೂರಬಹುದಾ? "ದೇವರನ್ನು ನಂಬೋರು ಇದಕ್ಕೆ ಹೇಗೆ ಒಪ್ತೀರಿ" ಅಂದ್ರೆ ಏನು ಹೇಳೋದು?

ವೀಸಾ_ವಿಚಾರ:
ರಾಜ್ಯಕ್ಕೊಂದು ಕಾನೂನು, ಮೊದಲು ನಿಮ್ಮದನ್ನು ನೋಡಿ. ನಾಗರಿಕರಲ್ಲದವರು ಸಹಿ ಸಂಗ್ರಹಿಸಬಾರದು ಅಂತ ಫ್ಲಾರಿಡಾ 2025ರಲ್ಲಿ ಕಾಯ್ದೆ ಮಾಡಿತು. ಇಂಥ ಪ್ರಚಾರಕ್ಕೆ ವಿದೇಶಿಯರು ದುಡ್ಡು ಕೊಡಬಾರದು ಅನ್ನೋದು ಒಹಾಯೊದ 2024ರ ಕಾಯ್ದೆ. ಎಲ್ಲೇ ಇರಿ, ನೀವು ಮಾತ್ರ ಸಹಿ ಹಾಕಬೇಡಿ, ಅದು ಮತದಾರರ ಕೆಲಸ. ನಿಜವಾದ ಅಪಾಯ ಪಕ್ಕದಲ್ಲೇ ಇಟ್ಟಿರೋ ಮತದಾರರ ನೋಂದಣಿ ಫಾರಂ. "ನೀವು ಅಮೆರಿಕದ ನಾಗರಿಕರೇ?" ಅನ್ನೋ ಚೌಕಕ್ಕೆ ಕೈತಪ್ಪಿ ಟಿಕ್ ಹಾಕಿದರೂ ಸುಳ್ಳು ಪೌರತ್ವ ಹೇಳಿಕೆಯ ತಲೆನೋವು, ಗ್ರೀನ್ ಕಾರ್ಡಿಗೇ ಕಲ್ಲು.

ಫಾರಂ_ಪರಿಶೀಲಕಿ:
ಸಹಿ ಬೀಳೋದು ಸುಲಭ, ಉಳಿಯೋದು ಕಷ್ಟ. 2023ರಲ್ಲಿ ಇಂಥದ್ದೇ ತಿದ್ದುಪಡಿಯನ್ನು ಜನರ ಮತಕ್ಕೆ ಹಾಕಿಸಲು ಒಹಾಯೊದವರಿಗೆ ಬೇಕಿದ್ದದ್ದು 4,13,446 ಸಹಿ. ಕೊಟ್ಟದ್ದು 7 ಲಕ್ಷಕ್ಕೂ ಹೆಚ್ಚು, ಊರ್ಜಿತವಾದದ್ದು 4,95,938. ಅಲ್ಲಿ ಒಂದು ಫಾರಂ ಪುಸ್ತಿಕೆಗೆ ಒಂದೇ ಕೌಂಟಿಯವರ (ನಮ್ಮ ಜಿಲ್ಲೆ ಇದ್ದ ಹಾಗೆ) ಸಹಿ. ವಿದ್ಯಾರ್ಥಿಗಳು ಹಾಸ್ಟೆಲ್ ವಿಳಾಸ ಬರೀತಾರೆ, ನೋಂದಣಿ ಅಪ್ಪ-ಅಮ್ಮನ ಊರಲ್ಲಿರುತ್ತೆ, ಸಹಿ ಹೋಯ್ತು. ಹಾಗಾಗಿ ಪೆನ್ನು ಕೊಡೋ ಮೊದಲು "ವೋಟು ಯಾವ ಕೌಂಟಿ?" ಅಂತ ಕೇಳಿ. ಕೊನೆಗೆ ಸಂಗ್ರಹಿಸಿದವರು ತಮ್ಮ ಕಣ್ಣೆದುರೇ ಎಷ್ಟು ಸಹಿ ಬಿತ್ತು ಅಂತ ಬರೆದು ಕೊಡಬೇಕು. ಇರೋದು 28, ಬರೆದದ್ದು 27 ಅಂದ್ರೆ ಇಡೀ ಪುಸ್ತಿಕೆ ತಿರಸ್ಕೃತ. ಮೇಜನ್ನು ಒಂಟಿ ಬಿಟ್ಟು ಕಾಫಿಗೆ ಹೋಗಬೇಡಿ.

ಹಳೇಕಡತ:
ಧರ್ಮದ ಪ್ರಶ್ನೆಗೆ ಎಲ್ಲರ ಪರವಾಗಿ ಒಂದೇ ಉತ್ತರ ಕೊಡೋಕೆ ಹೋಗಬೇಡಿ, ಅಲ್ಲೇ ಮಾತು ಕೆಡೋದು. ಯಹೂದಿ ಗೆಳೆಯರು ತಮ್ಮ ಹಳೆಯ ಧರ್ಮನಿಯಮಗಳ ಗ್ರಂಥ ಮಿಶ್ನಾದ ಓಹಲೋತ್ 7:6 ತೋರಿಸಲಿ: ಹೆರಿಗೆ ಕಷ್ಟವಾದರೆ, ಮಗುವಿನ ಹೆಚ್ಚು ಭಾಗ ಹೊರಬರುವವರೆಗೆ ತಾಯಿಯ ಜೀವವೇ ಮೊದಲು. ಕ್ರೈಸ್ತರಿಗೆ 1967ರ ಮೇ ಇದೆ: ನ್ಯೂಯಾರ್ಕಿನ ಜಡ್ಸನ್ ಸ್ಮಾರಕ ಚರ್ಚಿನ ಹೊವರ್ಡ್ ಮೂಡಿ ಜೊತೆ ಒಟ್ಟು 21 ಧರ್ಮಗುರುಗಳು, ಗರ್ಭಪಾತ ಅಪರಾಧವಾಗಿದ್ದ ಕಾಲದಲ್ಲೇ, ಹೆಣ್ಣುಮಕ್ಕಳನ್ನು ಸುರಕ್ಷಿತ ವೈದ್ಯರ ಹತ್ತಿರ ಕಳಿಸೋ ಸಲಹಾ ಸೇವೆಯನ್ನು ಹೆಸರು ಹಾಕಿಯೇ ಶುರು ಮಾಡಿದರು. ನೀವು ಹಿಂದೂ ಅಂತ ಮಾತಾಡೋದಾದ್ರೆ, ಭ್ರೂಣಹತ್ಯೆ ಮಹಾಪಾಪ ಅಂತ ಧರ್ಮಶಾಸ್ತ್ರ ಹೇಳೋದನ್ನ ಮುಚ್ಚಿಡಬೇಡಿ, ಎದುರಿನವರಿಗೆ ಗೊತ್ತಿರುತ್ತೆ. "ನಮಗ್ಯಾಕೆ ಇದೆಲ್ಲ" ಅನ್ನೋ ಕನ್ನಡ ಸಂಘದವರಿಗೆ ಬೆಳಗಾವಿಯ ಸವಿತಾ ಹಾಲಪ್ಪನವರ್ ಹೆಸರು ಹೇಳಿ. 2012ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಗರ್ಭ ನಿಲ್ಲೋದಿಲ್ಲ ಅಂತ ಗೊತ್ತಾದ ಮೇಲೂ ಗರ್ಭಪಾತ ಸಿಗದೆ, ನಂಜೇರಿ ತೀರಿಕೊಂಡರು. 2018ರ ಜನಮತದಲ್ಲಿ ಆ ನಿಷೇಧ ಬಿತ್ತು.

ಎಂಎಸ್_ಹುಡುಗ:
ಮೇಜಿನ ಮೇಲೆ ಅಭ್ಯರ್ಥಿಗಳ ಕರಪತ್ರವೂ ಇಡ್ತಾರಂತೆ?

ಫಾರಂ_ಪರಿಶೀಲಕಿ:
ಚರ್ಚ್ ಜಾಗದಲ್ಲಿ ಬೇಡವೇ ಬೇಡ. ಮತಕ್ಕಿಟ್ಟ ವಿಷಯದ ಪರ ಚರ್ಚ್ ಒಂದು ಮಿತಿಯೊಳಗೆ ಮಾತಾಡಬಹುದು, ಅಭ್ಯರ್ಥಿಯ ಪರ ನಿಂತರೆ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು.